ಹಳೇ ಕೀಲಿಯ ಎಂಟು ದಿನ

ಡ್ರಾಯರು ತೆರೆದರೆ ಸ್ವೆಟರು ಕಾಣುತ್ತದೆಂದು ಎಂಟು ದಿನದಿಂದ ಅವನು ಅದರೊಳಗಿನ ಸಣ್ಣ ಸ್ಕ್ರೂಡ್ರೈವರಿನ ಕೆಲಸವನ್ನೆಲ್ಲ ದೊಡ್ಡ ಸ್ಕ್ರೂಡ್ರೈವರಿನಲ್ಲೇ ಮಾಡುತ್ತಿದ್ದ. ಮೊದಲ ದಿನ ಎರಡು ಸ್ಕ್ರೂಗಳ ತಲೆ ಸವೆದವು. ಮೂರನೆಯ ದಿನಕ್ಕೆ ಕೈ ಅದಕ್ಕೂ ಒಗ್ಗಿಹೋಯಿತು. ಅಗ್ನಿಶಾಮಕ ಇಲಾಖೆಯ ಕಟ್ಟಡದ ನೆಲಮಾಳಿಗೆಯಲ್ಲಿ ಅವನ ಕೋಣೆ. ಗೋಡೆಯ ಮೇಲುಗಡೆ ಒಂದೇ ಒಂದು ಕಿಟಕಿ, ಅದರಲ್ಲಿ ರಸ್ತೆಯಲ್ಲಿ ಓಡಾಡುವವರ ಮೊಣಕಾಲಿನ ಕೆಳಗಿನ ಭಾಗ ಮಾತ್ರ ಕಾಣುತ್ತದೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತು ಇಲಾಖೆಯ ವಾಕಿಟಾಕಿಗಳನ್ನು ಬಿಚ್ಚಿ ಜೋಡಿಸುತ್ತ ಬಂದವನು, ಚಪ್ಪಲಿ ನೋಡಿ ಯಾರೆಂದು ಹೇಳಬಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಗಿ ಜೇಬಿನಿಂದ ತಾಮ್ರದ ತಂತಿಯ ತುಂಡುಗಳು ಇಣುಕುತ್ತಿದ್ದವೆಂದು ಭಾವ, ಅಂದರೆ ಹೆಂಡತಿಯ ಅಣ್ಣ, ಅವನನ್ನು 'ತಂತಿ' ಎಂದು ಕರೆದರು. ಆ ಹೆಸರು ಇಲಾಖೆಗೆಲ್ಲ ಹಬ್ಬಿ, ಸಂಬಳದ ಚೀಟಿಯೊಂದನ್ನು ಬಿಟ್ಟರೆ ಈಗ ಇನ್ನೆಲ್ಲೂ ಅವನಿಗೆ ಬೇರೆ ಹೆಸರಿಲ್ಲ. ಕೆಲಸ ಕೊಡಿಸಿದವರೂ ಭಾವನೇ. ಡ್ರಾಯರಿನಲ್ಲಿರುವ ತೋಳಿಲ್ಲದ ಬೂದು ಸ್ವೆಟರೂ ಭಾವನದೇ. ಭಾವ ಈಗ ಬೆಂಕಿ ಕಾಯುವ ಗುಡ್ಡದ ಮೇಲಿನ ಕಾವಲು ಗೋಪುರದಲ್ಲಿ ಚಳಿ ಜಾಸ್ತಿ ಎಂದು ಹೆಂಡತಿ ಎರಡು ತಿಂಗಳು ಹೆಣೆದು ಅವನ ಕೈಗೆ ಕೊಟ್ಟಿದ್ದಳು. ಅದು ಇನ್ನೂ ಡ್ರಾಯರಿನಲ್ಲೇ ಇದೆ. ಆದರೆ ಮನೆಯ ಮಾತಿನಲ್ಲಿ ಮಾತ್ರ ಎಂಟು ದಿನದಿಂದ ಭಾವ ಅದನ್ನು ತೊಟ್ಟುಕೊಂಡು ಓಡಾಡುತ್ತಿದ್ದಾರೆ.

"ಅಣ್ಣನಿಗೆ ಸರಿಯಾಯ್ತೇನ್ರೀ?" ಎಂದು ಅವಳು ಕೇಳಿದಾಗ ಹ್ಞೂಂ ಅಂದಿದ್ದ. ಹ್ಞೂಂ ಅಂದರೆ ಸಾಕು, ಮುಗಿಯಿತು ಅಂದುಕೊಂಡಿದ್ದ. ಆದರೆ ಸುಳ್ಳು ಅನ್ನುವುದು ಕೂಸಿನ ಹಾಗೆ, ಎರಡು ಗಂಟೆಗೊಮ್ಮೆ ಹಾಲು ಕೇಳುತ್ತದೆ. "ಭುಜದ ಹತ್ರ ಬಿಗಿಯಾಗ್ಲಿಲ್ವಾ?" ಇಲ್ಲ. "ದಪ್ಪಗಿದಾನಾ ಮೊದಲಿನ ಹಾಗೇ?" ಸ್ವಲ್ಪ ಇಳಿದಿದಾರೆ. "ನೋಡಿ ಏನಂದ?" ಏನಂತಾರೆ, ಚೆನ್ನಾಗಿದೆ ಅಂದ್ರು. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. "ಅಷ್ಟೇನಾ? ಅವನು ಅಷ್ಟಕ್ಕೆಲ್ಲ ಬಿಡೋನಲ್ವಲ್ಲ." ಆಗ, ಎಲ್ಲಿಂದ ಬಂತೋ ಏನೋ, ಅವನ ಬಾಯಿಂದ ಭಾವನದೇ ಧಾಟಿಯಲ್ಲಿ ಹೊರಟುಬಿಟ್ಟಿತು: "'ಯಾವ ಕುರೀನ ಇಷ್ಟು ಬೋಳಿಸಿದಳಂತೆ, ಪಾಪ ಅದು ಚಳಿಗೆ ಏನು ಮಾಡ್ತಿದ್ಯೋ' ಅಂದ್ರು." ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಾಂ! ಅದು ನೋಡಿ ಅವನ ಮಾತು!" ಅವಳ ಸಂಶಯವೆಲ್ಲ ಹೋಯಿತು. ಅವತ್ತು ಊಟದ ತಟ್ಟೆಯ ಮುಂದೆ ಕೂತಾಗ, ಬೇರೆಯವರ ಮನೆಗೆ ಅವರದೇ ಬೀಗದ ಕೈ ಹಾಕಿ ನುಗ್ಗಿದವನ ಹಾಗೆ ಅವನು ಅವಸರದಲ್ಲಿ ಉಂಡು ಎದ್ದುಬಿಟ್ಟ.

ನೆಲಮಾಳಿಗೆಯ ಮೆಟ್ಟಿಲ ಮೇಲೆ ಸದ್ದಾಯಿತು. ಎಡಗಾಲು ಸ್ವಲ್ಪ ಎಳೆದು ಹಾಕುವ ಹೆಜ್ಜೆ, ಮೇಜಿನಕ್ಕನದು. ಕಂಟ್ರೋಲ್ ರೂಮಿನ ಮೇಜಿನ ಹಿಂದೆ ಹಗಲಿಡೀ ಕೂತು ವಾಕಿಟಾಕಿ ಸೆಟ್ಟುಗಳ ಕರೆ ತೆಗೆದುಕೊಳ್ಳುವ ಆಕೆಯನ್ನು ಅವಳಿಗಿಂತ ಹಿರಿಯ ಸಾಹೇಬರೂ ಮೇಜಿನಕ್ಕ ಅಂತಲೇ ಕರೆಯುವುದು. ಕೈಯಲ್ಲಿ ಕ್ಲಿಪ್ಪು ಮುರಿದ ಒಂದು ಸೆಟ್ಟು, ಇನ್ನೊಂದರಲ್ಲಿ ಅವಳದೇ ಚಹಾ ಲೋಟ. ಚಹಾ ಜೊತೆಗಿಲ್ಲದೆ ಅವಳು ಮೆಟ್ಟಿಲು ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ.

"ತಂತಿಯಣ್ಣಾ, ಇದಕ್ಕೊಂದು ಕ್ಲಿಪ್ ಹಾಕ್ಕೊಡಿ. ಸೊಂಟದಿಂದ ಜಾರಿ ಜಾರಿ ಬೀಳುತ್ತಂತೆ. ನಾನಂದೆ, ಸೆಟ್ಟಿಗೆ ಕ್ಲಿಪ್ ಹಾಕ್ಸೋ ಬದಲು ನೀನೊಂದು ಸೊಂಟ ಬೆಳೆಸ್ಕೊಳ್ಳಪ್ಪಾ ಅಂತ." ತನ್ನ ಮಾತಿಗೆ ತಾನೇ ನಕ್ಕು, ಸ್ಟೂಲು ಎಳೆದುಕೊಂಡು ಕೂತಳು. "ನಿಮ್ಮ ಭಾವಂಗೆ ಒಂದು ಕೆಮ್ಮಿನ ಔಷಧಿ ಕಳಿಸಬಾರದಾ? ಪಾಪ, ಗಂಟಲು ಪೂರ್ತಿ ಹೋಗಿದೆ."

"ಯಾಕೆ?"

"ಯಾಕೆ ಅಂದ್ರೆ? ದಿನಕ್ಕೆ ಮೂರು ಹೊತ್ತೂ ಗರಗರಗರ. ಒಂದಕ್ಷರ ಗೊತ್ತಾಗಲ್ಲ. ಹಿಂದೊಂದ್ಸಲ ಮಂಜು ಬಿದ್ದಾಗ ಹಿಂಗೇ ಆಗಿತ್ತಲ್ಲ, ಅದೇ ಇರಬೇಕು ಅಂತ ಬಿಟ್ಟೆ. ಪರದೆ ಮೇಲೆ ಅವರ ನಂಬರು ಬರುತ್ತೆ, ಹಾಜರಿ ಪುಸ್ತಕದಲ್ಲಿ ಟಿಕ್ ಹಾಕ್ತೀನಿ, 'ಸ್ವೀಕೃತ' ಗುಂಡಿ ಒತ್ತುತೀನಿ, ಅಲ್ಲಿ ಬೀಪ್ ಅನ್ನುತ್ತೆ, ಅಷ್ಟೆ. ಅವರು ಹೇಳೋದಾದ್ರೂ ಏನು? ಉತ್ತರ ಶಾಂತ, ಪೂರ್ವ ಶಾಂತ. ಅದು ನಂಗೆ ಬಾಯಿಪಾಠ."

ಅವನ ಕೈಯಲ್ಲಿದ್ದ ದೊಡ್ಡ ಸ್ಕ್ರೂಡ್ರೈವರು ಮೇಜಿನ ಮೇಲೆ ತಾನಾಗಿ ಮಲಗಿತು. "ಯಾವತ್ತಿಂದ?" ಎಂದು ಕೇಳಿದ. ಕೇಳುವ ಮೊದಲೇ ಗೊತ್ತಿತ್ತು.

"ಹೋದ ಮಂಗಳವಾರದಿಂದ. ಸೋಮವಾರ ರಾತ್ರಿ ಕೀಲಿ ಬದಲಾಯ್ತಲ್ಲ, ಮಾರನೇ ದಿನದಿಂದ್ಲೇ."

"ಆದ್ರೆ ಹದಿನೈದು ದಿನ ಹಳೇ ಕೀಲಿನೂ ನಡೆಯುತ್ತಲ್ಲ."

"ನಡೀತಿತ್ತು. ಹೊಸ ಸಾಹೇಬರು ಬಂದ್ಮೇಲೆ ಎಲ್ಲಿ ಬಂತು ಅದೆಲ್ಲ? ಅವತ್ತು ರಾತ್ರೀನೇ ಮೇಲಿನ ಮಿಷನ್ನಿಂದ ಹಳೇದನ್ನ ಒರೆಸಿಹಾಕಿದ್ರು. ಸುತ್ತೋಲೆ ಬಂತಲ್ಲ, ನೋಡ್ಲಿಲ್ವಾ ನೀವು?" ಅವಳು ಅವನ ಟ್ರೇಯೊಳಗಿನ ಕಾಗದಗಳ ರಾಶಿಯ ಕಡೆ ಗಲ್ಲ ಎತ್ತಿ ತೋರಿಸಿದಳು. ಸುತ್ತೋಲೆ ಅಲ್ಲೇ ಇತ್ತು, ಮೇಲಿನಿಂದ ಮೂರನೆಯದು. ಅದರ ಮೇಲೆ ಚಹಾ ಲೋಟದ ಉಂಗುರವೂ ಇತ್ತು, ಅವನದೇ ಲೋಟದ್ದು.

ಅವಳು ಹೋದ ಮೇಲೂ ಅವನು ಕಿಟಕಿಯ ಕಾಲುಗಳನ್ನೇ ನೋಡುತ್ತ ಕೂತ. ಈ ಹೊಸ ಸೆಟ್ಟುಗಳಿಗೆ ಎರಡು ಕಾವಲು. ಗುಂಡಿ ತಿರುಗಿಸಿದೊಡನೆ ಕಂಟ್ರೋಲ್ ರೂಮಿನ ಯಂತ್ರ ಒಂದು ಪ್ರಶ್ನೆ ಕಳಿಸುತ್ತದೆ, ಪ್ರತಿ ಸಲವೂ ಹೊಸ ಪ್ರಶ್ನೆ, ಒಂದು ಉದ್ದದ ಸಂಖ್ಯೆ. ಸೆಟ್ಟು ತನ್ನ ಹೊಟ್ಟೆಯೊಳಗಿನ ಗುಟ್ಟನ್ನು ಅದರ ಜೊತೆ ಕಲಸಿ ಉತ್ತರ ಕಳಿಸಬೇಕು, ಗುಟ್ಟನ್ನು ಮಾತ್ರ ಬಾಯಿಬಿಡಕೂಡದು. ಉತ್ತರ ತಾಳೆಯಾದರೆ, ಇದು ನಮ್ಮದೇ ಸೆಟ್ಟು, ಕದ್ದದ್ದಲ್ಲ ಎಂದು ಒಳಗೆ ಬಿಟ್ಟುಕೊಳ್ಳುತ್ತದೆ. ಭಾವನ ಸೆಟ್ಟಿಗೆ ಅದರದೇನೂ ತೊಂದರೆಯಿಲ್ಲ. ದಿನಕ್ಕೆ ಮೂರು ಸಲ ಅದು ತಾನು ಯಾರೆಂದು ಸಾಬೀತು ಮಾಡುತ್ತಲೇ ಇದೆ. ಎರಡನೆಯ ಕಾವಲು ಮಾತಿಗೆ. ಆಡಿದ ಮಾತನ್ನು ಸೆಟ್ಟು ಒಂದು ಕೀಲಿಯಿಂದ ಕಲಸುಮೇಲೋಗರ ಮಾಡಿ ಕಳಿಸುತ್ತದೆ, ಅದೇ ಕೀಲಿ ಇರುವ ಸೆಟ್ಟು ಮಾತ್ರ ಬಿಡಿಸಿಕೊಂಡು ಕೇಳುತ್ತದೆ, ಉಳಿದವಕ್ಕೆಲ್ಲ ಬರೀ ಗರಗರ. ಆ ಕೀಲಿಯನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಅಂಗೈಯಗಲದ ಲೋಡರ್ ಎಂಬ ಡಬ್ಬಿಯಿಂದ ಪ್ರತಿ ಸೆಟ್ಟಿಗೂ ವಯರು ಚುಚ್ಚಿ ತುಂಬಬೇಕು. ಅದು ಅವನ ಕೆಲಸ. ಹಿಂದಿನ ಸಲಗಳಲ್ಲಿ ಗುಡ್ಡದ ಸೆಟ್ಟನ್ನು ದಿನಸಿ ತರುವವನ ಕೈಯಲ್ಲಿ ಕೆಳಕ್ಕೆ ತರಿಸಿಕೊಂಡೇ ತುಂಬಿ ಕಳಿಸಿದ್ದ, ಈ ಸಲ ಸ್ಥಳಕ್ಕೇ ಹೋಗಬೇಕೆಂದು ಅಪ್ಪಣೆಯಾಗಿತ್ತು. ನೂರ ಹದಿಮೂರು ಸೆಟ್ಟುಗಳನ್ನು ತುಂಬಿ, ಕೊನೆಯದಾದ ಗುಡ್ಡದ ಸೆಟ್ಟಿನ ಮುಂದೆ, 'ಸ್ಥಳಕ್ಕೆ ಹೋಗಿ ತುಂಬಲಾಗಿದೆ' ಎಂಬ ಅಂಕಣದಲ್ಲಿ ಅವನು ಒಂದು ಟಿಕ್ ಹಾಕಿದ್ದ.

ಹೋಗಿದ್ದು ನಿಜ. ಸೋಮವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಗುಡ್ಡದ ಬುಡದವರೆಗೆ ಹೋಗಿದ್ದ, ಚೀಲದಲ್ಲಿ ಲೋಡರು, ಪೊಟ್ಟಣದಲ್ಲಿ ಸ್ವೆಟರು. ಅಲ್ಲಿ ರಸ್ತೆ ಮುಗಿದು ಒಂದೂವರೆ ಗಂಟೆಯ ಕಾಲುಹಾದಿ ಶುರುವಾಗುವಲ್ಲಿ ಒಂದು ಮೋರಿಕಟ್ಟೆ ಇದೆ. ಸುಸ್ತು ಆರಿಸಿಕೊಳ್ಳೋಣ ಅಂತ ಕೂತ. ಸುಸ್ತೇ ಆಗಿರಲಿಲ್ಲ. ಹೋದ ಕೂಡಲೇ ಏನು ಅನ್ನಬೇಕು ಎಂದು ಯೋಚಿಸಿದ. 'ಚೆನ್ನಾಗಿದೀರಾ ಭಾವ' ಅಂದರೆ, ಎರಡು ವರ್ಷ ಆದ ಮೇಲೆ ಕೇಳುವುದಕ್ಕೆ ಬಂದನಾ ಅಂದಾರು. ಸುಮ್ಮನೆ ಸೆಟ್ಟಿಗೆ ವಯರು ಚುಚ್ಚಿದರೆ, ಈಗಲೂ ಸೆಟ್ಟೇ ಇವನಿಗೆ ಮುಖ್ಯ ಅಂದಾರು. ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ತಿಂದ. ಹದಿನೈದು ದಿನ ಹಳೇ ಕೀಲಿ ನಡೆಯುತ್ತದಲ್ಲ, ಬರುವ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಬಂದರೆ ಮಾತು ತಾನಾಗಿ ಬರುತ್ತದೆ ಅನ್ನಿಸಿದ ಕೂಡಲೇ ಎಷ್ಟು ಹಗುರಾಯಿತೆಂದರೆ, ಸ್ಕೂಟರು ತಿರುಗಿಸುವಾಗ ಅವನು ಶಿಳ್ಳೆ ಹೊಡೆಯುತ್ತಿದ್ದ. ಮನೆಯಲ್ಲಿ ಹ್ಞೂಂ ಅಂದುಬಿಟ್ಟ ಮೇಲೆ ಆ ಭಾನುವಾರ ಹಾಗೇ ಕಳೆದುಹೋಯಿತು. ಆ ಶಿಳ್ಳೆ ಈಗ ನೆನಪಾಗಿ ಕಿವಿ ಬಿಸಿಯಾಯಿತು.

ಎರಡು ವರ್ಷದ ಹಿಂದೆಯೂ ಹೀಗೇ ಕಿವಿ ಬಿಸಿಯಾಗಿತ್ತು. ಹೊಸ ಸೆಟ್ಟುಗಳು ಬಂದ ವಾರ. ದೊಡ್ಡ ಹಾಲಿನಲ್ಲಿ ಮೇಲಧಿಕಾರಿಗಳು ಸಾಲಾಗಿ ಕೂತಿದ್ದರು. ಭಾವ ಆಗ ಕಂಟ್ರೋಲ್ ರೂಮಿನ ಮುಖ್ಯಸ್ಥರು. ಹಳೇ ಸೆಟ್ಟುಗಳ ಕಾಲದಲ್ಲಿ ಬೆಳಿಗ್ಗೆ ಏಳಕ್ಕೆ ಅವರ ದನಿ ಬಂದರೆ ಹನ್ನೊಂದು ಠಾಣೆಗಳವರು ಹಲ್ಲುಜ್ಜುವುದು ಬಿಟ್ಟು ಕೇಳುತ್ತಿದ್ದರು. ಹವಾಮಾನ ಹೇಳಿ, ಯಾರ ಮನೆಯಲ್ಲಿ ಮಗು ಹುಟ್ಟಿತೆಂದು ಹೇಳಿ, ಒಂದು ಹಾಸ್ಯ ಹೇಳಿ ಮುಗಿಸುವುದು ಅವರ ಪದ್ಧತಿ. ಯಾರಾದರೂ ಕರೆದರೆ ಉಸಿರಿನಲ್ಲೇ ಗುರುತು ಹಿಡಿಯುತ್ತಿದ್ದರು: 'ಏನಯ್ಯಾ, ಮತ್ತೆ ಬೀಡಿ ಶುರು ಮಾಡಿದ್ಯಾ?' ಅಂಥವರ ಎದುರು, ಸೆಟ್ಟು ಕಳುವಾದರೆ ಇಲ್ಲಿಂದಲೇ ಅದನ್ನು ಸಾಯಿಸಬಹುದು ಎಂದು ತೋರಿಸುವ ಕೆಲಸ ತಂತಿಯ ಪಾಲಿಗೆ ಬಂತು. ಯಾವುದಾದರೂ ಒಂದು ಸೆಟ್ಟಿನ ನಂಬರು ಹೊಡೆಯಿರಿ ಅಂದರು. ಆ ಗಾಬರಿಯಲ್ಲಿ ಅವನಿಗೆ ಬಾಯಿಗೆ ಬರುತ್ತಿದ್ದುದು ಒಂದೇ ನಂಬರು. ಪ್ರೀತಿಯಿಂದ ಎಲ್ಲರಿಗಿಂತ ಮೊದಲು ಕೂತು ತುಂಬಿದ ಸೆಟ್ಟಿನದು, ಭಾವನದು. ಹೊಡೆದ. ಭಾವ ಹಾಲಿನ ಹಿಂದುಗಡೆ ಗೋಡೆ ಕಡೆ ಮುಖ ಮಾಡಿ ನಿಂತು, ದೂರದ ಠಾಣೆಯವನಿಗೆ ಏನೋ ಹಾಸ್ಯ ಹೇಳುತ್ತಿದ್ದರು. ಸೆಟ್ಟು ಸತ್ತದ್ದು ಅವರಿಗೆ ಗೊತ್ತಾಗಲಿಲ್ಲ. ಎರಡು ನಿಮಿಷ, ಪೂರಾ ಎರಡು ನಿಮಿಷ, ಸತ್ತ ಸೆಟ್ಟಿಗೆ ಕೈ ತಿರುಗಿಸಿ ತಿರುಗಿಸಿ ಹೇಳಿ, ಕೊನೆಗೆ ತಾವೇ ನಕ್ಕು, ಅತ್ತಲಿಂದ ನಗು ಬರಲಿಲ್ಲವೆಂದು ಸೆಟ್ಟನ್ನು ಅಲ್ಲಾಡಿಸಿದರು. ಹಾಲಿಗೆ ಹಾಲೇ ಗೊಳ್ಳೆಂದಿತು. "ಸಿಕ್ಕಿಬಿದ್ದ ನೋಡಿ ಕಳ್ಳ!" ಎಂದು ಯಾರೋ ಕೂಗಿದರು. ತಂತಿಯೂ ನಕ್ಕ. ನಗು ಬಂದಿತ್ತೆಂದಲ್ಲ, ಮುಂದಿನ ಸಾಲು ನಗುತ್ತಿತ್ತು, ಅದಕ್ಕೆ. ಭಾವ ತಿರುಗಿ ನೋಡಿದಾಗ ಆ ನಗುವನ್ನು ಒಳಗೆ ಎಳೆದುಕೊಳ್ಳಲು ಅವನಿಗೆ ಸಮಯ ಸಾಲಲಿಲ್ಲ. ಮೂರು ವಾರ ಬಿಟ್ಟು ಭಾವ, ಸದ್ದುಗದ್ದಲ ಆಗಿಬರುತ್ತಿಲ್ಲವೆಂದು ಅರ್ಜಿ ಬರೆದು ಗುಡ್ಡಕ್ಕೆ ಹೋದರು. ಆ ನಗುವಿನ ವಿಷಯ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಈಗ ಮಾಡಬೇಕಾದದ್ದು ಏನೂ ಕಷ್ಟದ್ದಲ್ಲ. ಇವತ್ತೇ ಹೋಗಿ ಹೊಸ ಕೀಲಿ ತುಂಬಿ ಬಂದರೆ ಸಂಜೆಯಿಂದ ಗರಗರ ನಿಲ್ಲುತ್ತದೆ, ಗಂಟಲು ವಾಸಿಯಾಯಿತೆಂದು ಮೇಜಿನಕ್ಕ ಸಂತೋಷಪಡುತ್ತಾಳೆ, ಟಿಕ್ಕು ಟಿಕ್ಕಾಗಿಯೇ ಉಳಿಯುತ್ತದೆ. ಡ್ರಾಯರು ತೆರೆದ. ಸ್ವೆಟರಿನ ಕೆಳಗೆ ಲೋಡರು ಇತ್ತು. ಹಳೇ ಕೀಲಿಯನ್ನು ಅದರಿಂದಲೂ ಅಳಿಸಿದ್ದೇನೆಂದು ಅವನು ಸಹಿ ಹಾಕಿಕೊಟ್ಟಿದ್ದ, ಅಳಿಸಿರಲಿಲ್ಲ. ಹಳೇ ಸ್ಕ್ರೂ, ಹಳೇ ಬ್ಯಾಟರಿಯ ಮುಚ್ಚಳ, ಯಾವುದನ್ನೂ ಎಸೆದು ಗೊತ್ತಿಲ್ಲದ ಮನುಷ್ಯ. ಗುಡ್ಡದಿಂದ ಬಂದ ಗರಗರವೆಲ್ಲ ಪಕ್ಕದ ಕೋಣೆಯ ರೆಕಾರ್ಡರಿನಲ್ಲಿ ಹಾಗೇ ಕೂತಿದೆ. ಲೋಡರನ್ನು ಅದಕ್ಕೆ ಚುಚ್ಚಿದರೆ ಗರಗರ ಮಾತಾಗುತ್ತದೆ. ಗುಡ್ಡದ ಸೆಟ್ಟೊಂದನ್ನು ಬಿಟ್ಟರೆ ಇಡೀ ಇಲಾಖೆಯಲ್ಲಿ ಈಗ ಆ ಮಾತು ಬಿಡಿಸಬಲ್ಲ ವಸ್ತು ಇದೊಂದೇ. ಕೇಳುವುದು ತಪ್ಪು, ಕೇಳದಿರುವುದು ಅದಕ್ಕಿಂತ ಹೇಡಿತನ ಅನ್ನಿಸಿತು. ಬಾಗಿಲು ಮುಂದೆ ಮಾಡಿ, ಹೆಡ್‌ಫೋನು ಹಾಕಿಕೊಂಡ.

ಮಂಗಳವಾರ ಬೆಳಿಗ್ಗೆ. "ಉತ್ತರ ಶಾಂತ. ಪೂರ್ವ ಶಾಂತ. ದಕ್ಷಿಣ ಶಾಂತ. ಪಶ್ಚಿಮ ಶಾಂತ. ಗಾಳಿ ಸಾಧಾರಣ. ಮನುಷ್ಯ ಒಬ್ಬ, ಅವನೂ ಶಾಂತ." ಆಮೇಲೆ ಬೀಪ್. ಭಾವನ ದನಿ ಏನೂ ಕೆಟ್ಟಿರಲಿಲ್ಲ. ಎರಡು ವರ್ಷದ ಮೇಲೆ ಕಿವಿಯ ಒಳಗೇ ಬಂದು ಕೂತ ಹಾಗೆ ಅಷ್ಟು ಹತ್ತಿರ. ಎರಡನೆಯ ದಿನವೂ ಅದೇ. ಮೂರನೆಯ ದಿನ ಮಧ್ಯಾಹ್ನ ಶಾಂತಗಳೆಲ್ಲ ಮುಗಿದ ಮೇಲೆ: "ಅಕ್ಕಾ, ತಂತಿ ಬರ್ತಾನೆ ಅಂದಿದ್ರಿ ಕೀಲಿ ತುಂಬಕ್ಕೆ. ಯಾವತ್ತು ಬರ್ತಾನೆ ಹೇಳಿ. ಒಂದು ಹಾಲಿನ ಪುಡಿ ಡಬ್ಬ ಇಟ್ಟಿದೀನಿ, ಅವನು ಬಂದ್ಮೇಲೇ ಒಡೆಯೋದು." ಬೀಪ್. ನಾಲ್ಕನೆಯ ದಿನ ಬೆಳಿಗ್ಗೆ ಉತ್ತರ ಶಾಂತ ಅಂದು, ಅದೇ ದನಿಯಲ್ಲಿ, "ಪೂರ್ವ ಶಾಂತ. ಕಂಟ್ರೋಲ್ ರೂಮಿಗೆ ಬೆಂಕಿ ಬಿದ್ದಿದೆ. ಅಕ್ಕನ ಚಹಾ ಲೋಟಾನೂ ಸುಟ್ಟುಹೋಯ್ತು." ಬೀಪ್. ಭಾವ ಹೂಂ ಎಂದು ಉಸಿರು ಬಿಟ್ಟದ್ದು ಕೇಳಿಸಿತು. ಅವತ್ತು ಸಂಜೆಯ ಕರೆಯಲ್ಲಿ ಮಾತು ಮೇಜಿನಕ್ಕನಿಗಾಗಿರಲಿಲ್ಲ.

"ಗೊತ್ತಾಯ್ತು ಬಿಡು. ಕೇಳಿದ್ದಕ್ಕೂ ಬೀಪ್, ಬೆಂಕಿ ಅಂದಿದ್ದಕ್ಕೂ ಬೀಪ್. ನಂದು ಹಳೇ ಕೀಲಿ, ಅವರದು ಹೊಸದು. ನಾನು ಮಾತಾಡ್ತಿರೋದು ಯಾರಿಗೂ ಕೇಳ್ತಿಲ್ಲ." ಸ್ವಲ್ಪ ಹೊತ್ತು ಗಾಳಿಯ ಸದ್ದು. "ಹಳೇದನ್ನೆಲ್ಲ ಒರೆಸಿರ್ತಾರೆ. ನೀನೊಬ್ಬ ಒರೆಸಿರಲ್ಲ. ನಿನ್ನ ಬುದ್ಧಿ ನಂಗೊತ್ತಿಲ್ವಾ, ನಿನ್ನ ಮದುವೇಲಿ ಚಪ್ಪರಕ್ಕೆ ಕಟ್ಟಿದ್ದ ದಾರಾನೂ ಸುತ್ತಿಟ್ಕೊಂಡೋನು ನೀನು. ಅದಕ್ಕೇ, ಇದನ್ನ ಯಾವತ್ತಾದ್ರೂ ಒಬ್ಬ ಕೇಳೋದಾದ್ರೆ ನೀನೇ ಕೇಳಬೇಕು, ತಂತಿ."

ಅವನು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಮತ್ತೆ ಹಾಕಿಕೊಂಡ. ಐದನೆಯ ದಿನದ ಬೆಳಗಿನ ಕರೆಯಲ್ಲಿ ಮೂರೇ ದಿಕ್ಕು. ಪಶ್ಚಿಮ ಇಲ್ಲ. ಮಧ್ಯಾಹ್ನದ್ದರಲ್ಲಿ ಒಂದು ದಿಕ್ಕೂ ಇಲ್ಲ, ಬರೀ ಬೀಪ್. ಸಂಜೆ: "ಏಣಿ ಮೆಟ್ಟಿಲು ಒಂದು ಮುರೀತು, ತಂತಿ. ಪಾದ ಹೊರಳಿತು. ಊದಿ ಕುಂಬಳಕಾಯಿ ಆಗಿದೆ, ಮೇಲೆ ಹತ್ತಕ್ಕಾಗಲ್ಲ. ಕಿಟಕೀಲಿ ಕಂಡಷ್ಟು ನೋಡ್ತಿದೀನಿ. ದಿನಸಿ ತರೋನು ಬರಕ್ಕೆ ಇನ್ನೂ ಏಳು ದಿನ ಇದೆ. ಕೆಂಪು ಗುಂಡಿ ಒತ್ತಿದ್ರೆ ಕೀಲಿಗೀಲಿ ಕೇಳಲ್ಲ, ನೇರ ಗಂಟೆ ಹೊಡ್ಕೊಳ್ಳುತ್ತೆ ಅಂತ ನೀನೇ ಕಲಿಸಿದ್ದು. ಗೊತ್ತು. ಆದ್ರೆ ಒತ್ತಿದ್ರೆ ಎಲ್ಲಾರೂ ಬರ್ತಾರೆ. ಇವನ ಸೆಟ್ಟಿಗೆ ಕೀಲಿ ಯಾಕಿಲ್ಲ ಅಂತಾರೆ, ರಿಜಿಸ್ಟರ್ ತೆಗೀತಾರೆ. ಬೆಂಕಿ ಕಂಡ್ರೆ ಒತ್ತುತೀನಪ್ಪಾ, ಅದರಲ್ಲಿ ಮುಲಾಜಿಲ್ಲ. ನನ್ನ ಕಾಲಿಗೆ ಒತ್ತಲ್ಲ." ಕೆಮ್ಮಿದರು. "ಸೋಮವಾರ ನಿನ್ನ ನೋಡಿದೆ. ದುರ್ಬೀನಲ್ಲಿ. ನನ್ನ ಕೆಲಸಾನೇ ಅದಲ್ವಾ. ಮೋರಿಕಟ್ಟೆ ಮೇಲೆ ಅರ್ಧ ಗಂಟೆ ಕೂತಿದ್ದೆ. ಬಿಸ್ಕತ್ ತಿಂದೆ. ಒಲೆ ಮೇಲೆ ನೀರಿಟ್ಟು ನೋಡ್ತಾ ಇದ್ದೆ, ಎದ್ದ, ಈಗ ಎದ್ದ, ಅಂತ. ಎದ್ದು ಸ್ಕೂಟರ್ ತಿರುಗಿಸ್ದೆ. ಏನೋ, ಮನುಷ್ಯ ಅಂದ್ಮೇಲೆ ಒಂದೊಂದ್ಸಲ ಕಾಲು ಬರಲ್ಲ. ಪೊಟ್ಟಣದಲ್ಲಿ ಏನಿತ್ತು ಅಂತ ಮಾತ್ರ ನಿದ್ದೆ ಬರ್ತಿಲ್ಲ. ಬಿಸ್ಕತ್ ಕಾಗದ ಅಲ್ಲೇ ಬಿಟ್ಟು ಹೋಗಿದೀಯ, ಎತ್ಕೋ. ಬಾ, ನೀನೇ ಬಾ."

ಬೀಪ್.

ಇನ್ನೂ ಹತ್ತು ಕರೆಗಳಿದ್ದವು. ಅವನು ಕೇಳಲಿಲ್ಲ. ಎಂಟು ದಿನ ಸತ್ತ ಸೆಟ್ಟಿನಲ್ಲಿ ಮಾತಾಡಿಸಿದೆನಲ್ಲ ಎಂದು ಒಂದು ಯೋಚನೆ, ಅದರ ಹಿಂದೆಯೇ ಗೋಡೆ ಕಡೆ ತಿರುಗಿ ನಿಂತ ಆ ಬೆನ್ನು. ಆದರೆ ಈ ಸಲ ಭಾವನಿಗೆ ಗೊತ್ತಿತ್ತು, ಗೊತ್ತಿದ್ದೂ ಮಾತಾಡಿದ್ದರು. ಲೋಡರು, ಸ್ವೆಟರು, ಒಂದು ಕ್ರೇಪ್ ಬ್ಯಾಂಡೇಜು ಚೀಲಕ್ಕೆ ತುರುಕಿಕೊಂಡು ಮೆಟ್ಟಿಲು ಹತ್ತಿದ. ಕಂಟ್ರೋಲ್ ರೂಮಿನ ಹೊರಗೆ ಕಾಲು ನಿಂತವು. ಸುಮ್ಮನೆ ಹೊರಟರಾಗುತ್ತದೆ, ಭಾವನೂ ಬಯಸಿದ್ದು ಅದನ್ನೇ, ಕಾಲು ಊದಿಸಿಕೊಂಡು ನಾಲ್ಕು ದಿನ ಕಾಯ್ದದ್ದು ಈ ಟಿಕ್ಕನ್ನೇ. ಅವರು ಕೊಟ್ಟದ್ದನ್ನು ಬೇಡ ಅನ್ನುವುದೂ ಒಂದು ಅಹಂಕಾರವೇ ಇರಬಹುದು. ಒಳಗೆ ಮೇಜಿನಕ್ಕ ಯಾರಿಗೋ ಬೀಪ್ ಒತ್ತುತ್ತಿದ್ದಳು. ಆ ಸದ್ದಿಗೆ ಅವನು ಒಳಗೆ ಹೋದ.

ರಿಜಿಸ್ಟರು ತೆಗೆದು, ನೂರ ಹದಿನಾಲ್ಕನೆಯ ಸಾಲಿನ ಟಿಕ್ಕಿನ ಮೇಲೆ ಗೆರೆ ಎಳೆದ.

"ಅಯ್ಯೋ, ಏನ್ ಮಾಡ್ತಿದೀರಿ? ಇಂಕಿನಲ್ಲಿ!"

"ಅವತ್ತು ನಾನು ಮೇಲೆ ಹೋಗಿರಲಿಲ್ಲ ಅಕ್ಕ. ಬುಡದವರೆಗೆ ಹೋಗಿ ವಾಪಸ್ ಬಂದೆ." ಅದನ್ನೇ ಬರೆದ, ತಾರೀಖು ಹಾಕಿ ಸಹಿ ಮಾಡಿದ. ಅಕ್ಷರ ಗುಂಡಗೆ ಬಂದದ್ದು ನೋಡಿ ಆಶ್ಚರ್ಯವಾಯಿತು. "ಭಾವನ ಗಂಟಲು ಚೆನ್ನಾಗಿದೆ. ಕೀಲಿ ಹಳೇದು. ಕಾಲು ಹೊರಳಿದೆ, ಶನಿವಾರದಿಂದ. ಸ್ಟ್ರೆಚರ್‌ನೋರನ್ನ ಕಳಿಸಿ, ನಾನು ಮುಂಚೆ ಹೋಗ್ತಿರ್ತೀನಿ."

ಅವಳು ಲೋಟ ಕೆಳಗಿಟ್ಟಳು. "ಶನಿವಾರದಿಂದ," ಅಂದಳು. ಹಾಜರಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಒಂದೊಂದೇ ಟಿಕ್ಕಿನ ಮೇಲೆ ಬೆರಳಿಡುತ್ತ ಹೋದಳು. "ಹಾಗಾದ್ರೆ ನಾನು... ಅವರು ಕಾಲು ಹೊರಳಿತು ಅಂದಿದ್ದಕ್ಕೂ ನಾನು ಸ್ವೀಕೃತ ಒತ್ತಿದೀನಾ?"

"ಒತ್ತಿದೀರಿ."

"ಸಾಹೇಬರಿಗೆ ಯಾರು ಹೇಳೋದು?"

"ಬಂದು ನಾನೇ ಹೇಳ್ತೀನಿ. ಇದೂ ನನ್ನ ಲೆಕ್ಕದ್ದೇ."

"ನನ್ನ ಟಿಕ್ಕು ನನ್ನದು ಕಣಣ್ಣ," ಅಂದಳು ಅವಳು. ಸ್ಟ್ರೆಚರಿನವರಿಗೆಂದು ಫೋನು ಎತ್ತಿದಳು. "ನೀವು ಹೊರಡಿ ಮೊದಲು."

ಮೋರಿಕಟ್ಟೆಯ ಹತ್ತಿರ ಸ್ಕೂಟರು ನಿಲ್ಲಿಸಿದವನು ಅದರ ಕಡೆ ನೋಡಲಿಲ್ಲ. ನೋಡಿದರೆ ಮತ್ತೆ ಕೂತುಬಿಟ್ಟೇನು ಎಂಬ ಹೆದರಿಕೆ ಇನ್ನೂ ಇತ್ತು. ಹಾದಿಯುದ್ದಕ್ಕೂ ಮೇಲಿನಿಂದ ತನ್ನನ್ನು ನೋಡುತ್ತಿದ್ದಾರೆ ಎಂದುಕೊಂಡು ನೆಟ್ಟಗೆ ನಡೆದ, ಆಮೇಲೆ ಭಾವನಿಗೆ ಈಗ ದುರ್ಬೀನಿನವರೆಗೆ ಹತ್ತಲಾಗುವುದಿಲ್ಲ ಎಂದು ನೆನಪಾಗಿ, ನಾಚಿಕೆಯಾಗಿ, ಏದುಸಿರು ಬಿಡುತ್ತ ತನಗೆ ಬಂದ ಹಾಗೆ ನಡೆದ. ಗೋಪುರದ ಬುಡದ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ತಟ್ಟಿದ.

"ಯಾರದು?"

"ನಾನು."

"ನಾನು ಅಂದ್ರೆ?"

"ತಂತಿ, ಭಾವ."

"ಸದ್ಯ. ಹೆಸರಾದ್ರೂ ನೆನಪಿದೆಯಲ್ಲ ನಿಂಗೆ. ದೂಡು, ತೆಗೆದೇ ಇದೆ."

ಭಾವ ಮಂಚದ ಮೇಲೆ ಕಾಲನ್ನು ದಿನಸಿಯ ಚೀಲದ ಮೇಲಿಟ್ಟುಕೊಂಡು ಕೂತಿದ್ದರು. ಇಳಿದಿದ್ದರು, ಅವನು ಸುಳ್ಳು ಹೇಳಿದ್ದಕ್ಕಿಂತ ಜಾಸ್ತಿ. ಪಾದದ ಗಂಟು ನೀಲಿಯಾಗಿ ಊದಿತ್ತು. ಅವನು ನೆಲದ ಮೇಲೆ ಕೂತು ಬ್ಯಾಂಡೇಜು ಸುತ್ತತೊಡಗಿದ. ಬಿಗಿ ಸುತ್ತಬೇಡ, ತಂತಿ ಸುತ್ತಿದ ಹಾಗೆ ಸುತ್ತುತೀಯಲ್ಲೋ, ಅಂದರು. ಸಡಿಲ ಮಾಡಿದ. ಕಾಲಿನ ಕಡೆಯೇ ನೋಡುತ್ತ, "ಅವತ್ತು ಆ ಸಭೇಲಿ ನಾನೂ ನಕ್ಕೆ," ಅಂದ.

"ನೋಡಿದೆ."

"ನಗಬಾರದಿತ್ತು."

"ಹೂಂ. ನಗಬಾರದಿತ್ತು," ಅಂದರು ಭಾವ. ಪರವಾಗಿಲ್ಲ ಅನ್ನಲಿಲ್ಲ. ಅನ್ನದೇ ಇದ್ದದ್ದು ಅವನಿಗೆ ಒಳ್ಳೆಯದೇ ಅನ್ನಿಸಿತು. "ಪೊಟ್ಟಣ ಎಲ್ಲಿ?"

ಸ್ವೆಟರನ್ನು ಕೊಟ್ಟ. ಭಾವ ಅದನ್ನು ತಿರುಗಿಸಿ ಮುರುಗಿಸಿ, ತೊಟ್ಟು, ಭುಜ ಎಳೆದು ನೋಡಿಕೊಂಡರು. ಭುಜದ ಹತ್ತಿರ ಬಿಗಿಯೇ ಆಗಿತ್ತು. "ನೀವು ಈಗಾಗಲೇ ಇದನ್ನ ನೋಡಿದ ಹಾಗೆ ಅವಳಿಗೆ ಹೇಳಿಬಿಟ್ಟಿದೀನಿ," ಎಂದು ಅವನು ಕುರಿಯ ಮಾತನ್ನೂ ಸೇರಿಸಿ ಎಲ್ಲ ಒಪ್ಪಿಸಿದ. ಭಾವ ಹುಬ್ಬೇರಿಸಿ ಕೇಳಿದರು.

"ನಾನು ಹಾಗಂದ್ನಾ? ಪರವಾಗಿಲ್ಲ, ಚೆನ್ನಾಗೇ ಅಂದಿದೀನಿ." ಅವಳಿಗೆ ನಿಜ ಹೇಳ್ತೀನಿ, ಅಂದ ಅವನು. "ಹೇಳು. ಕುರೀದು ಮಾತ್ರ ನನ್ನ ಹೆಸರಲ್ಲೇ ಇರಲಿ."

ರಿಜಿಸ್ಟರಿನಲ್ಲಿ ಬರೆದದ್ದನ್ನೂ ಹೇಳಿದ. ಭಾವ ಕಟ್ಟಿದ ಕಾಲನ್ನು ಚೀಲದ ಮೇಲೆ ಸರಿಮಾಡಿಕೊಂಡು, "ಹಾಗಾದ್ರೆ ನಾನು ನಾಲ್ಕು ದಿನ ಸುಮ್ಮನೆ ಕುಂಟಿದ ಹಾಗಾಯ್ತು," ಅಂದರು. ಮುಖದಲ್ಲಿ ಬೇಸರವೂ ಇತ್ತು, ಇನ್ನೇನೋ ಇತ್ತು. ಅವನು ಸೆಟ್ಟಿಗೆ ವಯರು ಚುಚ್ಚಿ ಹೊಸ ಕೀಲಿ ತುಂಬಿದ. ಹನ್ನೊಂದು ಸೆಕೆಂಡಿನ ಕೆಲಸ.

"ಎಲ್ಲಾ ಕೇಳಿದ್ಯಾ?"

"ಐದನೇ ದಿನದ ಸಂಜೆವರೆಗೆ. ಇನ್ನೂ ಹತ್ತಿದೆ."

"ಒಳ್ಳೇದಾಯ್ತು. ಹಳೇದು ಆ ಡಬ್ಬೀಲಿ ಇನ್ನೂ ಇದೆಯಾ?" ಅವನು ಹೌದೆಂದು ತಲೆಯಾಡಿಸಿದ. "ಅಳಿಸಿಬಿಡು."

"ಏನಿದೆ ಭಾವ, ಅದರಲ್ಲಿ?"

"ಏನಿರುತ್ತೆ? ಯಾರೂ ಕೇಳ್ತಿಲ್ಲ ಅಂತ ಗೊತ್ತಾದ್ಮೇಲೆ ಮನುಷ್ಯ ಏನು ಮಾತಾಡ್ತಾನೋ ಅದು. ಅಳಿಸು."

ಖಚಿತವೇ ಎಂದು ಲೋಡರು ಎರಡು ಸಲ ಕೇಳಿತು. ಎರಡು ಸಲವೂ ಹೌದು ಒತ್ತಿದ. ಕೆಳಗೆ ರೆಕಾರ್ಡರಿನಲ್ಲಿ ಆ ಹತ್ತು ಕರೆಗಳು ಇನ್ನು ಗರಗರವಾಗಿಯೇ ಇರುತ್ತವೆ, ಯಾರಿಗೂ ಬಿಚ್ಚಿಕೊಳ್ಳದೆ. ಜನ್ಮದಲ್ಲಿ ಅವನು ತಾನಾಗಿ ಎಸೆದ ಮೊದಲ ಹಳೇ ಸಾಮಾನು ಅದು.

ಮಧ್ಯಾಹ್ನದ ಕರೆಯ ಹೊತ್ತಾಗಿತ್ತು. ಭಾವ ಸೆಟ್ಟನ್ನು ಅವನ ಕೈಗೇ ಕೊಟ್ಟು, ಮೇಲೆ ಹತ್ತು, ನೋಡಿ ಹೇಳು, ನಾಲ್ಕು ದಿನದಿಂದ ಪಶ್ಚಿಮ ಯಾರೂ ನೋಡಿಲ್ಲ, ಅಂದರು. ನನಗೆಲ್ಲಿ ಬರುತ್ತೆ ಭಾವ, ನಾನು ಹಲೋ ಟೆಸ್ಟಿಂಗ್ ಬಿಟ್ಟು ಇದರಲ್ಲಿ ಮಾತಾಡಿದೋನಲ್ಲ, ಅಂದ. "ಇವತ್ತು ಮಾತಾಡು. ಐದನೇ ಮೆಟ್ಟಿಲು ಬಿಟ್ಟು ಹತ್ತು." ಹತ್ತಿದ. ಮೇಲೆ ಗಾಳಿ ಅಂಗಿಯೊಳಗೆ ಹೊಕ್ಕಿತು. ಒಂದೊಂದು ದಿಕ್ಕಿಗೂ ನಿಂತು, ದುರ್ಬೀನು ತಿರುಗಿಸಿ, ಅವಸರವಿಲ್ಲದೆ ನೋಡಿದ. ಗುಂಡಿ ಒತ್ತಿದ.

"ಉತ್ತರ ಶಾಂತ. ಪೂರ್ವ ಶಾಂತ. ದಕ್ಷಿಣ ಶಾಂತ. ಪಶ್ಚಿಮ..." ಮತ್ತೊಮ್ಮೆ ನೋಡಿದ. "ಪಶ್ಚಿಮ ಶಾಂತ. ಗಾಳಿ ಸಾಧಾರಣ." ಅಲ್ಲಿಗೆ ನಿಂತ. ಕೆಳಗಿನಿಂದ ಭಾವ, "ಮನುಷ್ಯರು!" ಎಂದು ಕೂಗಿದರು. "ಮನುಷ್ಯರು ಇಬ್ಬರು," ಅಂದು ಅವನು ಗುಂಡಿ ಬಿಟ್ಟ.

ಬೀಪ್ ಬರಲಿಲ್ಲ. ಬಂದದ್ದು ಮೇಜಿನಕ್ಕನ ದನಿ, ಚಹಾ ಇಲ್ಲದ ದನಿ: "ಕೇಳಿಸ್ತು ತಂತಿಯಣ್ಣ. ಪೂರ್ತಿ ಕೇಳಿಸ್ತು."

ದುರ್ಬೀನನ್ನು ಕೆಳಕ್ಕೆ ಇಳಿಸಿದ. ಹಾದಿಯ ಬುಡದಲ್ಲಿ ಸ್ಟ್ರೆಚರಿನವರಿಬ್ಬರು ಆಗಷ್ಟೇ ಹತ್ತಲು ಶುರುಮಾಡಿದ್ದರು. ಅವರ ಹಿಂದೆ ಮೋರಿಕಟ್ಟೆ, ಇಷ್ಟು ಎತ್ತರದಿಂದ ಬೆಂಕಿಪೊಟ್ಟಣದಷ್ಟು, ಖಾಲಿ. ಅದರ ಪಕ್ಕದ ಹುಲ್ಲಿನಲ್ಲಿ ಒಂದು ಚುಕ್ಕೆ ಬಿಸಿಲಿಗೆ ಹೊಳೆಯುತ್ತಿತ್ತು. ಒಬ್ಬ ಮನುಷ್ಯ ಅಲ್ಲಿ ಕೂತರೆ, ಕೂತು ಬಿಸ್ಕತ್ತು ತಿಂದರೆ, ಎಷ್ಟು ಚೆನ್ನಾಗಿ ಕಾಣುತ್ತಾನೆ ಇಲ್ಲಿಗೆ. ಇಳಿಯುವಾಗ ಆ ಕಾಗದ ಎತ್ತಿಕೊಳ್ಳಬೇಕು ಅಂದುಕೊಂಡ. ಕೆಳಗೆ ಭಾವ ಹಾಲಿನ ಪುಡಿಯ ಡಬ್ಬದ ಮುಚ್ಚಳವನ್ನು ಚಮಚದಿಂದ ಮೀಟುತ್ತಿದ್ದ ಸದ್ದು ಕೇಳಿಸುತ್ತಿತ್ತು.